ಅರ್ಬುದ ರೋಗ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಇವು ತುಮಕೂರು ಜಿಲ್ಲೆಯ ಬಯಲುಸೀಮೆಯ ತಾಲ್ಲೂಕುಗಳು. ರಾಗಿ, ಕಡಲೆಕಾಯಿ, ಅಡಕೆ ಇಲ್ಲಿಯ ಬೆಳೆಗಳು. ಇಲ್ಲಿಯ ಹಳ್ಳಿಗಳಲ್ಲಿಯೂ ಕ್ಯಾನ್ಸರ್ ಎಂಬ ಮಾತನ್ನು ದನಿ ತಗ್ಗಿಸಿ ಆಡುವವರುಂಟು. ಕೆಲವರು ಅದನ್ನು ಪೂರ್ವಜನ್ಮದ ಪಾಪವೆನ್ನುತ್ತಾರೆ; ಕೆಲವರು ಅಂಟುರೋಗವೆಂದು ಬಗೆದು ರೋಗಿಯ ತಟ್ಟೆ ಲೋಟಗಳನ್ನು ಬೇರೆ ಇಡುತ್ತಾರೆ. ಈ ಎರಡು ನಂಬಿಕೆಗಳೂ ತಪ್ಪು. ಹಾಗಾದರೆ ಈ ರೋಗವೆಂದರೇನು? ಅದು ಏಕೆ ಬರುತ್ತದೆ?

ನಮ್ಮ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಹಳೆಯ ಕೋಶಗಳು ಸಾಯುತ್ತವೆ. ಅವುಗಳ ಸ್ಥಾನವನ್ನು ತುಂಬಲು ಬೇರೆ ಕೋಶಗಳು ಒಡೆದು ಎರಡಾಗುತ್ತವೆ. ಕೈಗೆ ಗಾಯವಾದರೆ ಸುತ್ತಲಿನ ಕೋಶಗಳು ವೃದ್ಧಿಯಾಗಿ ಗಾಯವನ್ನು ಮುಚ್ಚುತ್ತವೆ. ಮುಚ್ಚಿದ ಮೇಲೆ ವೃದ್ಧಿ ನಿಲ್ಲುತ್ತದೆ. ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬ ಆಜ್ಞೆಯು ಕೋಶದೊಳಗಿನ ವಂಶವಾಹಿಗಳಲ್ಲಿ ಅಡಗಿದೆ. ಈ ವಂಶವಾಹಿಗಳು ಕೆಟ್ಟಾಗ ಕೋಶವು ಅಂಕೆ ಮೀರಿ ಬೆಳೆದು ಗಡ್ಡೆಯಾಗುತ್ತದೆ. ಎಲ್ಲ ಗಡ್ಡೆಗಳೂ ಅರ್ಬುದವಲ್ಲ. ನೆರೆಯ ಅಂಗಾಂಶಗಳನ್ನು ಒತ್ತರಿಸಿಕೊಂಡು, ರಕ್ತ ಮತ್ತು ದುಗ್ಧರಸದ ಮೂಲಕ ದೂರದ ಅಂಗಗಳಿಗೂ ಹರಡಬಲ್ಲ ಗಡ್ಡೆಯೇ ಅರ್ಬುದ. ಅದು ಹೊರಗಿನಿಂದ ಬಂದ ಕಳೆಯಲ್ಲ; ಹೊಲದಲ್ಲಿ ಬಿತ್ತಿದ ಪೈರೇ ಹೊಲಕ್ಕೆ ತಿರುಗಿಬಿದ್ದಂತೆ. ಪ್ರಾಚೀನ ಗ್ರೀಕ್ ವೈದ್ಯರು ಇದಕ್ಕೆ ಏಡಿಯ ಹೆಸರನ್ನಿಟ್ಟರು.

ವಂಶವಾಹಿಗಳು ಒಂದೇ ದಿನದಲ್ಲಿ ಕೆಡುವುದಿಲ್ಲ. ಹಲವು ವರ್ಷಗಳಲ್ಲಿ ಒಂದರ ಮೇಲೊಂದು ದೋಷ ಕೂಡಿಕೊಳ್ಳಬೇಕು. ಆದುದರಿಂದಲೇ ಈ ರೋಗವು ವಯಸ್ಸಾದವರಲ್ಲಿ ಹೆಚ್ಚು. ಕೆಲವು ದೋಷಗಳು ಅಕಸ್ಮಾತ್ತಾಗಿ ಉಂಟಾಗುತ್ತವೆ; ಕೆಲವು ತಂದೆತಾಯಿಗಳಿಂದ ಬರುತ್ತವೆ. ಆದರೆ ಅನೇಕವು ನಾವು ತಡೆಯಬಹುದಾದ ಕಾರಣಗಳಿಂದ ಬರುತ್ತವೆ. 1775ರಲ್ಲಿ ಲಂಡನ್ನಿನ ವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡುಗಳನ್ನು ಗುಡಿಸುವವರಿಗೆ ಮಸಿಯಿಂದ ಚರ್ಮದ ಅರ್ಬುದ ಬರುವುದನ್ನು ಗುರುತಿಸಿದನು.

ನಮ್ಮ ನಾಡಿನಲ್ಲಿ ಮೊದಲ ಶತ್ರು ತಂಬಾಕು. ಬೀಡಿ, ಸಿಗರೇಟುಗಳ ಹೊಗೆ ಶ್ವಾಸಕೋಶವನ್ನು ಕೆಡಿಸಿದರೆ, ಹೊಗೆಸೊಪ್ಪು ಮತ್ತು ಗುಟ್ಕಾ ಬಾಯಿಯನ್ನು ಕೆಡಿಸುತ್ತವೆ. ತಂಬಾಕಿಲ್ಲದ ಅಡಕೆಯೂ ನಿರಪಾಯವಲ್ಲ. ಅದು ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ವಿಜ್ಞಾನಿಗಳು ನಿರ್ಣಯಿಸಿದ್ದಾರೆ. ಕರ್ನಾಟಕ ಸರ್ಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು.

ಎರಡನೆಯ ಶತ್ರು ಕಣ್ಣಿಗೆ ಬೀಳದಂತೆ ನಮ್ಮ ಕಣಜದಲ್ಲಿಯೇ ಇರಬಹುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕ ಟರ್ಕಿ ಕೋಳಿಗಳು ಸತ್ತವು. ಅವುಗಳಿಗೆ ಹಾಕಿದ್ದ ಕಡಲೆಕಾಯಿ ಹಿಂಡಿಯಲ್ಲಿ ಒಂದು ಶಿಲೀಂಧ್ರದ ವಿಷವಿತ್ತು. ಅದೇ ಅಫ್ಲಾಟಾಕ್ಸಿನ್. ಕಾಯಿ ಬಲಿಯುವಾಗ ಮಳೆ ಕೈಕೊಟ್ಟರೆ ಸಿಪ್ಪೆ ಬಿರಿದು ಶಿಲೀಂಧ್ರವು ಒಳಹೊಗುತ್ತದೆ. ತೇವವಿರುವ ಕಾಯನ್ನು ಮೂಟೆ ಕಟ್ಟಿದರೆ ಅದು ಇನ್ನೂ ಬೆಳೆಯುತ್ತದೆ. ಈ ವಿಷವು ಯಕೃತ್ತಿನ ಅರ್ಬುದಕ್ಕೆ ಕಾರಣ. ಹುರಿದರೂ ಅದು ಪೂರ್ಣವಾಗಿ ನಾಶವಾಗದು. ಅಂತಹ ಹಿಂಡಿಯನ್ನು ತಿಂದ ಹಸುವಿನ ಹಾಲಿನಲ್ಲಿಯೂ ಅದರ ಅಂಶವಿರುತ್ತದೆ. ಆದುದರಿಂದ ಕಾಯನ್ನು ಚೆನ್ನಾಗಿ ಒಣಗಿಸಬೇಕು; ಬೂಷ್ಟು ಹಿಡಿದ, ಸುಕ್ಕಿದ, ಕಹಿಯಾದ ಬೀಜಗಳನ್ನು ಆರಿಸಿ ಎಸೆಯಬೇಕು.

ಕೆಲವು ವೈರಾಣುಗಳೂ ಅರ್ಬುದಕ್ಕೆ ಕಾರಣವಾಗುತ್ತವೆ. ಗರ್ಭಕೊರಳಿನ ಅರ್ಬುದವನ್ನು ತರುವ ವೈರಾಣುವನ್ನು ಕಂಡುಹಿಡಿದ ಹರಾಲ್ಡ್ ಜುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದನ್ನು ತಡೆಯುವ ಲಸಿಕೆ ಈಗ ಇದೆ. ವೈರಾಣು ಅಂಟಬಹುದು, ಆದರೆ ರೋಗಿಯ ಜೊತೆ ಉಂಡರೆ ಅರ್ಬುದ ಅಂಟುವುದಿಲ್ಲ.

ಪಾವಗಡದ ಸುತ್ತಮುತ್ತಲ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ಹಲ್ಲು ಕಂದುಗಟ್ಟುತ್ತದೆ, ಮೂಳೆ ಬಾಗುತ್ತದೆ. ಅದು ಫ್ಲೋರೋಸಿಸ್ ಎಂಬ ಬೇರೊಂದು ಕಾಯಿಲೆ, ಅರ್ಬುದವಲ್ಲ. ಕಾರಣವನ್ನು ಸರಿಯಾಗಿ ಅರಿತರೆ ಮಾತ್ರ ಪರಿಹಾರವೂ ಸರಿಯಾದೀತು.

ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಬಿಳಿಯ ಮಚ್ಚೆ, ಸ್ತನದಲ್ಲಿ ಗಂಟು, ಅಸಹಜ ರಕ್ತಸ್ರಾವ, ನುಂಗಲು ಕಷ್ಟ, ಬಹುಕಾಲದ ಗೊಗ್ಗರು ದನಿ ಇವು ಎಚ್ಚರಿಕೆಯ ಚಿಹ್ನೆಗಳು. ಮೊದಲಲ್ಲಿ ನೋವಿರುವುದಿಲ್ಲ, ನೋವಿಲ್ಲವೆಂದು ಸುಮ್ಮನಿರುವುದೇ ಅಪಾಯ. ಗಿಡಮೂಲಿಕೆಗೆ ಹೆಸರಾದ ಕೊರಟಗೆರೆಯ ಸಿದ್ಧರಬೆಟ್ಟ ನಮ್ಮ ಹೆಮ್ಮೆ. ಕಾಶಿಕಣಗಿಲೆ ಗಿಡದಿಂದ ರಕ್ತದ ಅರ್ಬುದಕ್ಕೆ ಔಷಧಿ ದೊರೆತದ್ದೂ ನಿಜ. ಆದರೆ ಅದನ್ನು ಶುದ್ಧಗೊಳಿಸಿ, ಅಳೆದು, ಪರೀಕ್ಷಿಸಿ ಕೊಡುತ್ತಾರೆ. ಎಲೆಯನ್ನು ಅರೆದು ಕುಡಿದರೆ ವಿಷವಾದೀತು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಶಸ್ತ್ರಕ್ರಿಯೆ, ವಿಕಿರಣ, ಔಷಧಿಗಳ ಚಿಕಿತ್ಸೆ ದೊರೆಯುತ್ತದೆ. ಬೇಗ ಗುರುತಿಸಿದರೆ ಅನೇಕ ಅರ್ಬುದಗಳು ಗುಣವಾಗುತ್ತವೆ.

ಹೊಲದಲ್ಲಿ ಕೆಟ್ಟ ಗಿಡವನ್ನು ಮೊಳಕೆಯಲ್ಲಿಯೇ ಕೀಳುವ ರೈತನಿಗೆ ಈ ಮಾತನ್ನು ಬೇರೆ ಹೇಳಬೇಕಾಗಿಲ್ಲ. ತಿಳಿದವರು ಮನೆಯ ಹಿರಿಯರಿಗೂ ತಿಳಿಸಬೇಕು. ಕಲಿತ ವಿದ್ಯೆಗೆ ಅದೇ ಸಾರ್ಥಕತೆ.

ಅಭ್ಯಾಸ

1. ಗಾಯ ಮಾಯುವಾಗಿನ ಬೆಳವಣಿಗೆಗೂ ಅರ್ಬುದದ ಬೆಳವಣಿಗೆಗೂ ಇರುವ ವ್ಯತ್ಯಾಸವೇನು?
2. ಕಡಲೆಕಾಯಿಯಲ್ಲಿ ವಿಷ ಸೇರುವ ಬಗೆಯನ್ನು ವಿವರಿಸಿರಿ.
3. ‘ನೋವಿಲ್ಲವೆಂದು ಸುಮ್ಮನಿರುವುದೇ ಅಪಾಯ’ ಏಕೆ?