ಸಹಿಗೆ ಮುಂಚೆ ಬಾಂಡ್ ಓದಿ

ಪ್ರಶ್ನೆ: ಊರು ಆಳಂದ. ಪೈಲಟ್ ಲೈಸೆನ್ಸ್ ಸಿಕ್ಕಿದೆ. ಸ್ಟಾರ್ ಏರ್, ಅಲಯನ್ಸ್ ಏರ್ ಎರಡರಲ್ಲಿ ಯಾವುದಕ್ಕೆ ಪ್ರಯತ್ನಿಸಲಿ? ಮುಂದಿನ ತರಬೇತಿಗೆ ತೊಗರಿ ಹೊಲ ಅಡ ಇಡುತ್ತೇನೆ ಎನ್ನುತ್ತಾರೆ ಅಪ್ಪ.

ಉತ್ತರ: 2019ರಲ್ಲಿ ನಿಮ್ಮ ಜಿಲ್ಲೆಯ ಕಲಬುರಗಿಯಿಂದ ಹಾರಿತೆಂಬ ಅಭಿಮಾನಕ್ಕೆ ಸ್ಟಾರ್ ಏರ್ ಹಿಡಿಯಬೇಡಿ, ನಿಮ್ಮ ಬೇಸ್ ಬೇರೆಲ್ಲೋ ಇರಬಹುದು. ವಿಮಾನ ನೋಡಿ. ಸ್ಟಾರ್ ಏರ್‌ನದು ಎಂಬ್ರೇಯರ್ ಜೆಟ್, ಅಲಯನ್ಸ್‌ನದು ಮುಖ್ಯವಾಗಿ ಎಟಿಆರ್. ಎಟಿಆರ್ ಇಂಡಿಗೊ, ಫ್ಲೈ91ರಲ್ಲೂ ಇರುವುದರಿಂದ ಮುಂದೆ ಕಂಪನಿ ಬದಲಿಸಲು ದಾರಿ ಹೆಚ್ಚು. ನನ್ನ ಒಲವು ಅತ್ತ. ಆದರೆ ಆ ಮಾದರಿಯ ವಿಮಾನ ಹಾರಿಸಲು ಬೇಕಾದ ಟೈಪ್ ರೇಟಿಂಗ್ ತರಬೇತಿಯ ಖರ್ಚು ಯಾರದು, ಕಂಪನಿ ಬಿಡದೆ ದುಡಿಯಬೇಕೆಂಬ ಬಾಂಡ್ ಎಷ್ಟು ವರ್ಷ, ತಿಂಗಳಿಗೆ ಕನಿಷ್ಠ ಎಷ್ಟು ಗಂಟೆಯ ಸಂಬಳ ಖಾತ್ರಿ ಎಂಬುದನ್ನು ಬರಹದಲ್ಲೇ ಕೇಳಿ. ಸಂಬಳ ಯಾವ ತಾರೀಖಿಗೆ ಬೀಳುತ್ತದೆಂದು ಅಲ್ಲಿನ ಕೋ-ಪೈಲಟ್ ಒಬ್ಬರನ್ನು ವಿಚಾರಿಸಿ. ಬಾಂಡನ್ನು ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ನೌಕರಿ ಪತ್ರ ಬರುವವರೆಗೂ ಹೊಲದ ಪಹಣಿ ಮನೆಯಲ್ಲೇ ಇರಲಿ.