ಭೋಗ್ಯದ ಮನೆಗೆ ತೆತ್ತ ಬಾಡಿಗೆ

ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಮನೆ ಹುಡುಕಿಕೊಂಡು ಹೋದವರಿಗೆ ಮಾಲೀಕರು ಎರಡು ಲೆಕ್ಕ ಹೇಳುವುದುಂಟು. ಒಂದು, ಅಡ್ವಾನ್ಸ್ ಮತ್ತು ತಿಂಗಳ ಬಾಡಿಗೆ. ಇನ್ನೊಂದು ಭೋಗ್ಯ: ದೊಡ್ಡ ಮೊತ್ತವೊಂದನ್ನು ಒಟ್ಟಿಗೆ ಕೊಟ್ಟರೆ ಎರಡೋ ಮೂರೋ ವರ್ಷ ಬಾಡಿಗೆಯಿಲ್ಲ, ಮನೆ ಬಿಡುವಾಗ ಅಷ್ಟೂ ಹಣ ವಾಪಸ್. 'ಲೀಸಿಗೆ ಹಾಕ್ಕೊಂಡ್ರೆ ನಿಮಗೇ ಲಾಭ' ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. 2021ರ ಅಕ್ಟೋಬರ್‌ನಲ್ಲಿ ಈ ಅಂಕಣಕಾರನ ತಂಗಿಯ ಕುಟುಂಬ ಸಾಗರದ ಸೊರಬ ರಸ್ತೆಯ ಕಡೆ ಹೀಗೆ ಒಂದು ಮನೆ ಹಿಡಿಯಿತು. ಪತ್ರಕ್ಕೆ ಸಾಕ್ಷಿ ರುಜು ಹಾಕಿದವನು ಈ ಅಂಕಣಕಾರ.

ತಂಗಿ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ, ಹೊಸನಗರ ತಾಲ್ಲೂಕಿನಿಂದ ಸಾಗರಕ್ಕೆ ವರ್ಗವಾಗಿತ್ತು. ಭಾವ ಔಷಧ ಕಂಪನಿಯ ಪ್ರತಿನಿಧಿ. ಮೂರು ತಾಲ್ಲೂಕುಗಳಲ್ಲಿ ಬೈಕಿನ ಮೇಲೇ ಬದುಕು. ಮೊದಲನೇ ಮಹಡಿಯ ಎರಡು ಬೆಡ್‌ರೂಮಿನ ಮನೆ, ಹಿಂದೆ ಬಟ್ಟೆ ಒಣಗಿಸಲು ಶೀಟಿನ ಮಾಡು, ಬಾವಿಯ ನೀರು. ಬಾಡಿಗೆಗಾದರೆ ತಿಂಗಳಿಗೆ 7,000, ಅಡ್ವಾನ್ಸ್ 50,000. ಭೋಗ್ಯಕ್ಕಾದರೆ ಮೂರು ವರ್ಷಕ್ಕೆ 6 ಲಕ್ಷ. ಭಾವ ಅಲ್ಲೇ ನಿಂತು ಏಳು ಸಾವಿರವನ್ನು ಮೂವತ್ತಾರರಿಂದ ಗುಣಿಸಿದರು: 2,52,000 ಉಳಿತಾಯ. ಆಗ ಎಸ್‌ಬಿಐನಲ್ಲಿ ಐದು ವರ್ಷದ ಠೇವಣಿಗೂ ಶೇ 5.4ಕ್ಕಿಂತ ಹೆಚ್ಚು ಬಡ್ಡಿ ಇರಲಿಲ್ಲ. ಬ್ಯಾಂಕಿನಲ್ಲಿ ಕೊಳೆಯುವ ದುಡ್ಡು ಮನೆಯ ಬಾಡಿಗೆಯನ್ನಾದರೂ ತೀರಿಸಲಿ ಎಂಬುದು ಎಲ್ಲರಿಗೂ ಸರಿಯೆನಿಸಿತು. 3 ಲಕ್ಷದ ಠೇವಣಿ ಮುರಿದರು. ಉಳಿದ 3 ಲಕ್ಷಕ್ಕೆ ತಂಗಿಯ ಎರಡು ಜೊತೆ ಬಳೆ, ಒಂದು ಅವಲಕ್ಕಿ ಸರ ಹೋದವು. ಅಡವಿಟ್ಟರೆ ಬಡ್ಡಿ ಕಟ್ಟಬೇಕಲ್ಲ ಎಂದು ಮಾರಿಯೇಬಿಟ್ಟರು. 68 ಗ್ರಾಂ, ಗ್ರಾಂಗೆ ಸುಮಾರು 4,400 ರೂಪಾಯಿ.

ಈ ವ್ಯವಹಾರದಲ್ಲಿ ಮಾಲೀಕರ ಕಡೆಯ ಲೆಕ್ಕವನ್ನು ಯಾರೂ ಹಾಕಲಿಲ್ಲ. ಭೋಗ್ಯಕ್ಕೆ ಹೋಗುವ ಪ್ರತಿಯೊಬ್ಬರೂ ಮೊದಲು ಹಾಕಬೇಕಾದ ಲೆಕ್ಕವೇ ಅದು. ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಮಾಲೀಕರಿಗೆ ವರ್ಷಕ್ಕೆ 84,000 ಬರುತ್ತಿತ್ತು. ಭೋಗ್ಯಕ್ಕೆ ಕೊಟ್ಟು ಅಷ್ಟನ್ನೂ ಬಿಟ್ಟುಕೊಟ್ಟರು. ಬದಲಿಗೆ ಸಿಕ್ಕಿದ್ದು 6 ಲಕ್ಷ. ಅದರಲ್ಲಿ 50,000 ಹೇಗಿದ್ದರೂ ಅಡ್ವಾನ್ಸ್ ರೂಪದಲ್ಲಿ ಬರುತ್ತಿತ್ತು, ಹಾಗಾಗಿ ಹೆಚ್ಚಿಗೆ ಸಿಕ್ಕಿದ್ದು 5.5 ಲಕ್ಷ ಮಾತ್ರ. 5.5 ಲಕ್ಷಕ್ಕೆ ವರ್ಷಕ್ಕೆ 84,000 ಎಂದರೆ ಶೇ 15.3 ಬಡ್ಡಿ. ಅದೇ 2021ರ ದಸರಾ ಹೊತ್ತಿಗೆ ಬ್ಯಾಂಕುಗಳು ಗೃಹಸಾಲವನ್ನು ಶೇ 7ರ ಆಸುಪಾಸಿನಲ್ಲಿ ಕೊಡುತ್ತಿದ್ದವು. ಸರ್ಕಾರಿ ಬ್ಯಾಂಕಿನಲ್ಲಿ ಬಂಗಾರದ ಸಾಲ ಶೇ 10ರೊಳಗೆ ಸಿಗುತ್ತಿತ್ತು. ತೋಟ ಇರುವವರಿಗೆ ಸೊಸೈಟಿಯಲ್ಲಿ 3 ಲಕ್ಷದವರೆಗಿನ ಬೆಳೆಸಾಲಕ್ಕೆ ಬಡ್ಡಿಯೇ ಇರಲಿಲ್ಲ. ಸಾಗರದಲ್ಲಿ ಆರ್‌ಸಿಸಿ ಮನೆ, ಹೊಸನಗರದ ಕಡೆ ಅಡಿಕೆ ತೋಟ ಇರುವ ಮನುಷ್ಯ ಇಷ್ಟೆಲ್ಲ ಬಿಟ್ಟು ಶೇ 15ರ ಸಾಲಕ್ಕೆ ಏಕೆ ಬರುತ್ತಾನೆ?

ಉಳಿದ ಬಾಗಿಲುಗಳೆಲ್ಲ ಅದಾಗಲೇ ಮುಚ್ಚಿರುತ್ತವೆ, ಅದಕ್ಕೆ. ಬೆಳೆಸಾಲ ಎತ್ತಿಯಾಗಿರುತ್ತದೆ, ಬಂಗಾರ ಬ್ಯಾಂಕಿನಲ್ಲಿರುತ್ತದೆ, ಮನೆಯ ಮೇಲೆ ಸಾಲವಿರುತ್ತದೆ. ಭೋಗ್ಯದ ಲಾಭ ದೊಡ್ಡದಾಗಿ ಕಾಣುವುದು ಹಣ ಸಕಾಲಕ್ಕೆ ಬಾರದೇ ಹೋಗುವ ಅಪಾಯ ಅಷ್ಟೇ ದೊಡ್ಡದಾಗಿರುವುದರಿಂದ. ಬ್ಯಾಂಕಿನವರು ಮನೆಪತ್ರ, ಪಹಣಿ, ಜಾಮೀನು ಎಲ್ಲ ನೋಡಿ 'ಇನ್ನು ಸಾಕು' ಎಂದ ಮನುಷ್ಯನಿಗೆ ಒಬ್ಬ ಶಿಕ್ಷಕಿ ಏನನ್ನೂ ನೋಡದೆ 6 ಲಕ್ಷ ಕೊಟ್ಟಿರುತ್ತಾಳೆ.

2024ರ ಅಕ್ಟೋಬರ್‌ಗೆ ಮೂರು ವರ್ಷ ತುಂಬಿತು. ತಂಗಿಗೆ ಅಷ್ಟರಲ್ಲಿ ತೀರ್ಥಹಳ್ಳಿಗೆ ವರ್ಗವಾಗಿತ್ತು. ಮಾಲೀಕರು ಜಗಳಗಂಟರಲ್ಲ, ಮೋಸಗಾರರೂ ಅಲ್ಲ. ಕಾಫಿ ಕೊಟ್ಟು ಕೂರಿಸಿ, 'ಟೀಚರ್, ರಾಶಿ ಅಡಿಕೆ ಕೊಟ್ಟ ತಕ್ಷಣ ನಿಮ್ದೇ ಮೊದ್ಲು' ಎಂದರು. ಅವರ ತೋಟಕ್ಕೆ ಎಲೆಚುಕ್ಕೆ ರೋಗ ಬಿದ್ದು ಫಸಲು ಇಳಿದಿತ್ತು, ಮಳೆಗಾಲದಲ್ಲಿ ಕೊಳೆರೋಗವೂ ಬಂದಿತ್ತು. ಬಂದ ಅಡಿಕೆಯ ಹಣ ಮಂಡಿಯ ಸಾಲಕ್ಕೆ ವಜಾ ಆಯಿತು. ಈ ಮೂರು ತಾಲ್ಲೂಕುಗಳಲ್ಲಿ ಮನೆ ಪೇಟೆಯಲ್ಲಿದ್ದರೂ ಮಾಲೀಕರ ದುಡ್ಡು ಎಷ್ಟೋ ಸಲ ತೋಟದಲ್ಲಿರುತ್ತದೆ. ಶಾಲೆಯ ವರ್ಗಾವಣೆಯ ಕಾಲ ಬೇರೆ, ಅಡಿಕೆ ಸುಲಿದು ಬೇಯಿಸಿ ಒಣಗಿಸಿ ಮಾರುವ ಕಾಲ ಬೇರೆ.

ಕೀಲಿಕೈ ಕೊಟ್ಟರೆ ಹಿಡಿತ ಹೋಗುತ್ತದೆಂದು ತಂಗಿ ಎರಡು ಮಂಚ, ಒಂದು ಬೀರು ಅಲ್ಲೇ ಬಿಟ್ಟು ಬೀಗ ಹಾಕಿಕೊಂಡಳು. ಮಾಲೀಕರು ಹೊಸ ಭೋಗ್ಯದಾರರನ್ನು ಹುಡುಕತೊಡಗಿದರು. ಜೂನ್, ಜುಲೈ ಮಳೆಯಲ್ಲಿ ಬೀಗ ಹಾಕಿದ ಮನೆ ಹೇಗಾಗುತ್ತದೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಅಡುಗೆಮನೆಯ ಗೋಡೆಗೆ ಸೊಂಟದ ಎತ್ತರಕ್ಕೆ ಬೂಷ್ಟು, ಬೀರುವಿನೊಳಗಿನ ಸೀರೆಗಳಿಗೆ ಮುಗ್ಗಲು ವಾಸನೆ. ಯಾರಾದರೂ ಮನೆ ನೋಡಲು ಬರುತ್ತಾರೆಂದರೆ ತಂಗಿ ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಬಂದು, ಬೂಷ್ಟು ಒರೆಸಿ, ಕಿಟಕಿ ತೆರೆದು, ಊದುಬತ್ತಿ ಹಚ್ಚಿ ಕಾಯುವಳು. 2025ರ ಆಗಸ್ಟ್‌ನಲ್ಲಿ ಕೊನೆಗೂ ಒಂದು ಜೋಡಿ ಒಪ್ಪಿತು. ಆರೂವರೆ ಲಕ್ಷ ಅವರಿಂದ ಮಾಲೀಕರಿಗೆ ಬಂತು, ಅದರಲ್ಲಿ 6 ಲಕ್ಷ ಅದೇ ದಿನ ತಂಗಿಯ ಖಾತೆಗೆ ಬಂತು. ಒಬ್ಬ ಭೋಗ್ಯದಾರನ ಹಣ ವಾಪಸಾಗುವುದು ಮುಂದಿನ ಭೋಗ್ಯದಾರನ ಹಣದಿಂದ. ಆ ಹೊಸ ಜೋಡಿಗೆ ಇದನ್ನೆಲ್ಲ ಹೇಳಬೇಕಿತ್ತು ಎಂದು ತಂಗಿಗೆ ಇವತ್ತಿಗೂ ಕಸಿವಿಸಿ. ಹೇಳಿದ್ದರೆ ಅವಳ ಹಣ ಬರುತ್ತಿರಲಿಲ್ಲ.

ಈಗ ಕುಟುಂಬದ ಲೆಕ್ಕ. ಹಣ ಹೇಳಿದ ದಿನಕ್ಕೆ, 2024ರ ಅಕ್ಟೋಬರ್‌ನಲ್ಲೇ ಬಂದಿತ್ತು ಎಂದು ಮೊದಲು ಇಟ್ಟುಕೊಳ್ಳೋಣ. ಆಗ 22 ಕ್ಯಾರೆಟ್ ಬಂಗಾರ ಗ್ರಾಂಗೆ ಸುಮಾರು 7,100. ಮಾರಿದ 68 ಗ್ರಾಂ ಮತ್ತೆ ಕೊಳ್ಳಲು 4,82,800 ಬೇಕು, ಕೈಯಲ್ಲಿರುವುದು 3 ಲಕ್ಷ, ಕೊರತೆ 1,82,800. ಮುರಿದ ಠೇವಣಿಗೆ ಮೂರು ವರ್ಷದ ಬಡ್ಡಿ 48,600 ಹೋಯಿತು. ಎರಡೂ ಸೇರಿ 2,31,400. ಉಳಿದ ಬಾಡಿಗೆ 2,52,000. ಅಂದರೆ ಎಲ್ಲ ಸರಿಯಾಗಿ ನಡೆದಿದ್ದರೂ ಲಾಭ 20,600 ಮಾತ್ರ. ಹಣ ನಿಜವಾಗಿ ಬಂದದ್ದು ಹತ್ತು ತಿಂಗಳ ನಂತರ, ಆಗ ಗ್ರಾಂಗೆ ಸುಮಾರು 9,300. ಅದೇ 68 ಗ್ರಾಂಗೆ 6,32,400 ಬೇಕು, ಕೊರತೆ 3,32,400. ಠೇವಣಿ ಬಡ್ಡಿಗೆ ಇನ್ನೂ 13,500 ಸೇರಿ 62,100. ಒಟ್ಟು 3,94,500. ಅದರಲ್ಲಿ ಉಳಿದ ಬಾಡಿಗೆ ಕಳೆದರೆ 1,42,500 ನಷ್ಟ. ತೀರ್ಥಹಳ್ಳಿ ಮನೆಯ ಅಡ್ವಾನ್ಸಿಗೆ ಮಾಡಿದ ಕೈಸಾಲದ ಬಡ್ಡಿ, ಬಸ್ ಖರ್ಚು ಇದರಲ್ಲಿಲ್ಲ.

ಬಂಗಾರ ಇಷ್ಟು ಏರುತ್ತದೆಂದು 2021ರಲ್ಲಿ ಯಾರಿಗೆ ಗೊತ್ತಿತ್ತು ಎಂದು ಕೇಳಬಹುದು. ಗೊತ್ತಿರಲಿಲ್ಲ, ನಿಜ. ಬ್ಯಾಂಕ್ ಬಡ್ಡಿ ಏರುತ್ತದೆಂದೂ ಗೊತ್ತಿರಲಿಲ್ಲ. ರಿಸರ್ವ್ ಬ್ಯಾಂಕಿನ ರೆಪೊ ದರ 2022ರ ಮೇ ತಿಂಗಳಿನಿಂದ ಏರುತ್ತಾ 2023ರ ಫೆಬ್ರುವರಿಗೆ ಶೇ 4ರಿಂದ 6.5ಕ್ಕೆ ಹೋಯಿತು, ಠೇವಣಿದಾರರಿಗೆ ಶೇ 7ರ ಹತ್ತಿರ ಸಿಗತೊಡಗಿತು. ಇಂಥದ್ದೆಲ್ಲ ಆಗುವಾಗ ಕೈ ಬದಲಿಸಿಕೊಳ್ಳಲು ದುಡ್ಡು ನಮ್ಮ ಹತ್ತಿರ ಇರಬೇಕು. ಭೋಗ್ಯದಲ್ಲಿ ಅದು ಇನ್ನೊಬ್ಬರ ತೋಟದ ಗೊಬ್ಬರವಾಗಿ, ಮಗಳ ಮದುವೆಯಾಗಿ, ಹಳೇ ಸಾಲದ ಕಂತಾಗಿ ಅದಾಗಲೇ ಖರ್ಚಾಗಿರುತ್ತದೆ.

ಇನ್ನು ಪತ್ರದ ಮಾತು. ಭೋಗ್ಯದ ಕಾಗದಗಳ ಬಗ್ಗೆ ಈ ಅಂಕಣಕಾರನಿಗೆ ಸಹನೆ ಉಳಿದಿಲ್ಲ. ಬಾಯಲ್ಲಿ ಮೂರು ವರ್ಷ, ಇ-ಸ್ಟಾಂಪ್ ಕಾಗದದಲ್ಲಿ ಹನ್ನೊಂದು ತಿಂಗಳು. ಒಂದು ವರ್ಷಕ್ಕಿಂತ ಹೆಚ್ಚಿನ ಗೇಣಿಪತ್ರವನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಾಯಿಸಲೇಬೇಕು, ಅದನ್ನು ತಪ್ಪಿಸಲು ಈ ಉಪಾಯ. ನೋಟರಿ ಮುದ್ರೆ ಬಿದ್ದರೆ ಪತ್ರ ಗಟ್ಟಿಯಾಯಿತು ಎಂದು ಸಾಗರದಲ್ಲೂ ನಂಬುತ್ತಾರೆ, ತೀರ್ಥಹಳ್ಳಿಯಲ್ಲೂ ನಂಬುತ್ತಾರೆ. ನೋಟರಿ ಎಂದರೆ ನೋಂದಣಿಯಲ್ಲ. ಆಸ್ತಿಯನ್ನು ಸ್ವಾಧೀನಕ್ಕೆ ಕೊಟ್ಟು ಸಾಲ ಪಡೆಯುವ ಭೋಗ್ಯ ಅಡಮಾನಕ್ಕೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲೇ ಜಾಗವಿದೆ. ಅದನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬರೆಸಿದರೆ ಕೊಟ್ಟ ಹಣಕ್ಕೆ ಮನೆಯೇ ಆಧಾರ. ಸ್ಟಾಂಪ್ ಸುಂಕ ಜಾಸ್ತಿ ಎಂದು ಯಾರೂ ಬರೆಸುವುದಿಲ್ಲ. ಹನ್ನೊಂದು ತಿಂಗಳ ಕಾಗದ ಹಿಡಿದು ಹಣಕ್ಕಾಗಿ ದಾವೆ ಹೂಡಬಹುದು, ಮನೆಯ ಮೇಲೆ ಹಕ್ಕು ಹೇಳಲಾಗದು. ತಂಗಿಯ ಮನೆಯ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಕೊನೆಗೆ ತೆಗೆಸಿದಾಗ ಅದರಲ್ಲಿ 2019ರಲ್ಲೇ ಬ್ಯಾಂಕಿನ ಅಡಮಾನ ದಾಖಲಾಗಿತ್ತು. ಕಂತು ತಪ್ಪಿ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ಬಾಗಿಲಿಗೆ ನೋಟಿಸ್ ಅಂಟಿಸಿದ್ದರೆ ಭೋಗ್ಯದಾರರ ಗತಿ ಏನು? ನೂರಿನ್ನೂರು ರೂಪಾಯಿಯ ಆ ಪತ್ರವನ್ನು ಹಣ ಕೊಡುವ ಮೊದಲು ತೆಗೆಸಬೇಕು.

ಹನ್ನೊಂದು ತಿಂಗಳ ಮೇಲಿನ ಈ ಪ್ರೀತಿಗೆ ಕಾನೂನಷ್ಟೇ ಕಾರಣವಲ್ಲ. ಸಾಗರದ ಪಕ್ಕದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ ಸೀಮೆ ಇದು. 1974ರ ಭೂಸುಧಾರಣೆಯ ತಿದ್ದುಪಡಿಯಲ್ಲಿ ಉಳುವವನೇ ಹೊಲದೊಡೆಯನಾದ. ಆ ಕಾನೂನಿಗೂ ಪೇಟೆಯ ಮನೆಗೂ ಸಂಬಂಧವಿಲ್ಲ. ಆದರೂ ಹಿರಿಯ ಮಾಲೀಕರ ಮನಸ್ಸಿನಲ್ಲಿ 'ಕೂತವನು ಏಳದಿದ್ದರೆ' ಎಂಬ ಅಳುಕು ಉಳಿದಿದೆ.

ದೊಡ್ಡ ಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವ ಪದ್ಧತಿ ದಕ್ಷಿಣ ಕೊರಿಯಾದಲ್ಲೂ ಇದೆ, ಅಲ್ಲಿ ಅದಕ್ಕೆ ಜೊನ್ಸೆ ಎನ್ನುತ್ತಾರೆ. ಅಲ್ಲಿಯೂ ಹಳಬರ ಹಣ ಹೊಸಬರ ಹಣದಿಂದಲೇ ವಾಪಸಾಗುತ್ತಿತ್ತು. ಮನೆಯ ಬೆಲೆ ಇಳಿದಾಗ ಆ ಸರಪಳಿ ಹರಿದು, ಸಾವಿರಾರು ಜನ ಗಂಟು ಕಳೆದುಕೊಂಡು, 2023ರಲ್ಲಿ ಸಂತ್ರಸ್ತರಿಗಾಗಿಯೇ ವಿಶೇಷ ಕಾನೂನು ಮಾಡಬೇಕಾಯಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಅದೇ ವರ್ಷ ಬಂದ ಕಾನೂನು ಮಾಲೀಕರು ಎರಡು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳಬಾರದೆಂದಿದೆ. ನಮ್ಮಲ್ಲೂ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಮಿತಿ ಹೇಳುತ್ತದೆ, ಆದರೆ ರಾಜ್ಯಗಳು ಒಪ್ಪಿದರಷ್ಟೇ ಅದು ಜಾರಿ. ತೀರ್ಥಹಳ್ಳಿಯಲ್ಲಿ ತಂಗಿ ಕೊಟ್ಟದ್ದು ಹತ್ತು ತಿಂಗಳ ಅಡ್ವಾನ್ಸ್.

ಬಾಡಿಗೆ ಕೊಡುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎಂಬ ಭಾವನೆ ನಮ್ಮವರಲ್ಲಿ ಆಳವಾಗಿದೆ. ಭೋಗ್ಯದ ಆಕರ್ಷಣೆಯ ಬೇರು ಅಲ್ಲಿದೆ. ತಿಂಗಳಿಗೆ ಏಳು ಸಾವಿರ ಕೈಬಿಡುವಾಗ ಕರುಳು ಚುರ್ ಎನ್ನುತ್ತದೆ, ಆರು ಲಕ್ಷ ಒಮ್ಮೆಗೇ ಕೊಡುವಾಗ ಎನ್ನುವುದಿಲ್ಲ, ಏಕೆಂದರೆ ಅದು ವಾಪಸ್ ಬರುವ ದುಡ್ಡು ಎಂಬ ಸಮಾಧಾನ. ಸಂಬಳದಲ್ಲಿ ಉಳಿಸುವ ರೂಢಿ ಇದ್ದವರಿಗೆ ಬಾಡಿಗೆ ಒಂದು ಖರ್ಚು, ಅಷ್ಟೆ. ಅಕ್ಕಿಗೆ, ಹಾಲಿಗೆ ಕೊಟ್ಟ ಹಣವನ್ನು ಯಾರೂ ವಾಪಸ್ ಕೇಳುವುದಿಲ್ಲ. ಭೋಗ್ಯ ಹಿಡಿದವರು ಆ ಉಳಿದ ಏಳು ಸಾವಿರವನ್ನು ಪ್ರತಿ ತಿಂಗಳು ಆರ್‌ಡಿಗೆ ಕಟ್ಟುತ್ತಾರೆಯೇ? ಈ ಅಂಕಣಕಾರ ಕಂಡ ಮನೆಗಳಲ್ಲಿ ಅದು ದೊಡ್ಡ ಟಿವಿಗೆ, ಎರಡನೇ ಬೈಕಿಗೆ, ಮಾರಿಕಾಂಬಾ ಜಾತ್ರೆಯ ಊಟಕ್ಕೆ ಕರಗಿದೆ. ಬಾಡಿಗೆ ಕೊಡುವವರಿಗೆ ರಸೀದಿಯಾದರೂ ಇರುತ್ತದೆ. ಹಳೇ ತೆರಿಗೆ ಪದ್ಧತಿಯಲ್ಲಿರುವ ನೌಕರರಿಗೆ ಎಚ್‌ಆರ್‌ಎ ವಿನಾಯಿತಿಗೆ ಅದು ಬೇಕು, ಭೋಗ್ಯದಾರರಿಗೆ ಅದೂ ಇಲ್ಲ.

ಆರು ಲಕ್ಷ ವಾಪಸ್ ಬಂದ ಸುದ್ದಿ ತೀರ್ಥಹಳ್ಳಿಯ ಮಾಲೀಕರ ಕಿವಿಗೂ ಬಿತ್ತು. ಅವರ ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. 'ಬಾಡಿಗೆ ಯಾಕೆ ಕೊಡ್ತೀರಿ ಮಾರಾಯ್ರೇ, 7 ಲಕ್ಷ ಕೊಡಿ, ಮೂರು ವರ್ಷ ಆರಾಮಾಗಿ ಇರಿ' ಎಂದರು. ಬಾಡಿಗೆ ಅಲ್ಲಿ 8,000, ಅಡ್ವಾನ್ಸ್ 80,000. ಭಾವ ಈ ಸಲ ಮೊಬೈಲ್ ತೆಗೆದು ಬೇರೆ ಲೆಕ್ಕ ಹಾಕಿದರು: ಹೆಚ್ಚಿಗೆ ಕೊಡಬೇಕಾದ 6.2 ಲಕ್ಷಕ್ಕೆ ವರ್ಷಕ್ಕೆ 96,000, ಶೇ 15.5. 'ಕಾಕಾ, ಫೀಸಿಗೆ ಬ್ಯಾಂಕಲ್ಲಿ ಶಿಕ್ಷಣಸಾಲ ಇದಕ್ಕಿಂತ ಕಡಿಮೆಗೆ ಸಿಗತ್ತೆ, ಕೇಳಿದ್ರಾ?' ಎಂದರು. ಕೇಳಿರಲಿಲ್ಲ. ಆರು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಡುವುದು, ಅದಕ್ಕೆ ತಿಂಗಳಿಗೆ 500 ಇಳಿಸುವುದು, ರಸೀದಿ ಬರೆಯುವುದು ಎಂದು ಮಾತಾಯಿತು. ವಾಪಸ್ ಬಂದ ಹಣದಲ್ಲಿ 3 ಲಕ್ಷ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಗೆ ಹೋಯಿತು, ಶೇ 7.4ರಂತೆ ತಿಂಗಳಿಗೆ 1,850 ಬರುತ್ತದೆ, ಬಾಡಿಗೆಯ ಕಾಲುಭಾಗದಷ್ಟು. ಉಳಿದ 3 ಲಕ್ಷಕ್ಕೆ ಆಗಿನ ಬೆಲೆಯಲ್ಲಿ 32 ಗ್ರಾಂ ಬರುತ್ತಿತ್ತು. ಕೊಳ್ಳುವುದೋ, ಕಾಯುವುದೋ ಎಂದು ತಂಗಿ ಇನ್ನೂ ತೀರ್ಮಾನ ಮಾಡಿಲ್ಲ.