ಆ್ಯಂಟಿಬಾಡಿ ವರದಿ: ಅಂಕಿಗಿಂತ ಮೊದಲು ನೋಡಬೇಕಾದ್ದು

ಕೋವಿಡ್ ಆ್ಯಂಟಿಬಾಡಿ (ಪ್ರತಿಕಾಯ) ವರದಿಯಲ್ಲಿ ದೊಡ್ಡ ಅಂಕಿ ಕಂಡು ನಿಶ್ಚಿಂತರಾದವರು ಮೈಸೂರಿನಲ್ಲಿ ಬಹಳ ಮಂದಿ. ‘ಪ್ರತಿಕಾಯವೇ ವೈರಸ್ಸನ್ನು ಒಳಗೆ ಬಿಡುತ್ತದಂತೆ’ ಎಂಬ ವಾಟ್ಸ್‌ಆ್ಯಪ್ ಮಾತು ನಂಬಿ ಲಸಿಕೆ ಬಿಟ್ಟವರೂ ಇದ್ದಾರೆ. ಎರಡೂ ತಪ್ಪು.

ಕೊರೊನಾ ವೈರಸ್ ತನ್ನ ಸ್ಪೈಕ್ ಪ್ರೋಟೀನಿನಿಂದ ನಮ್ಮ ಜೀವಕೋಶದ ಎಸಿಇ-2 ಗ್ರಾಹಕವನ್ನು ಹಿಡಿದು ಒಳಹೋಗುತ್ತದೆ. ಆ ಹಿಡಿತದ ಜಾಗವನ್ನು ಮುಚ್ಚುವ ಪ್ರತಿಕಾಯ ವೈರಸ್ಸನ್ನು ತಡೆಯುತ್ತದೆ. ಬೇರೆಡೆ ಅಂಟಿ ಸುಮ್ಮನಿರುವ ಪ್ರತಿಕಾಯಗಳೂ ಉಂಟು; ಸಾಮಾನ್ಯ ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಎಣಿಸುತ್ತದೆ.

ಮೊದಲು, ವರದಿಯಲ್ಲಿರುವುದು ‘ಎಸ್’ (ಸ್ಪೈಕ್) ಪ್ರತಿಕಾಯವೋ ‘ಎನ್’ (ನ್ಯೂಕ್ಲಿಯೊಕ್ಯಾಪ್ಸಿಡ್) ಪ್ರತಿಕಾಯವೋ ನೋಡಿ. ಕೋವಿಶೀಲ್ಡ್‌ನಿಂದ ಬರುವುದು ಎಸ್ ಮಾತ್ರ. ಹಾಗಾಗಿ ಎನ್ ಪಾಸಿಟಿವ್ ಇದ್ದರೆ ಸೋಂಕು ಬಂದುಹೋಗಿರಬೇಕು. ಕೋವ್ಯಾಕ್ಸಿನ್‌ನಲ್ಲಿರುವುದು ನಿಷ್ಕ್ರಿಯಗೊಳಿಸಿದ ಇಡೀ ವೈರಸ್. ಅದನ್ನು ಪಡೆದವರಿಗೆ ಈ ಲೆಕ್ಕ ನಡೆಯದು.

ಎರಡನೆಯದು ಕಿಟ್‌ನ ಹೆಸರು ಮತ್ತು ಮಾನ. ಹೆಚ್ಚಿನವರು ಎಡವುವುದು ಇಲ್ಲೇ. ಅಬಾಟ್ ಕಂಪನಿಯ ಸ್ಪೈಕ್ ಪರೀಕ್ಷೆಯಲ್ಲಿ ಪಾಸಿಟಿವ್ ಎನ್ನಲು ಮಿಲಿಲೀಟರಿಗೆ 50 ‘ಎಯು’ ಬೇಕು. ರೋಶ್‌ನ ಸ್ಪೈಕ್ ಪರೀಕ್ಷೆಯಲ್ಲಿ 0.8 ಯೂನಿಟ್ ಸಾಕು. ಅಣ್ಣನಿಗೂ ತಮ್ಮನಿಗೂ 40 ಎಂದೇ ಬಂದಿದ್ದರೂ ಒಂದು ಕಿಟ್‌ನಲ್ಲಿ ಅದು ನೆಗೆಟಿವ್, ಇನ್ನೊಂದರಲ್ಲಿ ಪಾಸಿಟಿವ್! ಹಳೆಯ ವರದಿಯನ್ನು ಹೊಸದರ ಪಕ್ಕ ಇಟ್ಟು ‘ಕಡಿಮೆಯಾಗಿದೆ’ ಎಂದು ಗಾಬರಿಯಾಗುವ ಮುನ್ನ ಎರಡೂ ಒಂದೇ ಕಿಟ್‌ನವೇ ಎಂದು ಲ್ಯಾಬಿನಲ್ಲಿ ಕೇಳಿ. ವರದಿಯಲ್ಲಿ ಕಿಟ್‌ನ ಹೆಸರಿಲ್ಲದಿದ್ದರೆ ಬರೆಸಿಕೊಳ್ಳಿ. ದುಡ್ಡು ಕೊಟ್ಟವರಿಗೆ ಅದನ್ನು ಕೇಳುವ ಹಕ್ಕಿದೆ. ಯಾವ ಕಿಟ್ ಆದರೂ, ‘ಇಷ್ಟಿದ್ದರೆ ಸೋಂಕು ಬರುವುದಿಲ್ಲ’ ಎಂಬ ಗಡಿ ಇಲ್ಲ.

ಇನ್ನು ವಾಟ್ಸ್‌ಆ್ಯಪ್ ಮಾತು. ಅದರ ಬೇರು ಪ್ರಯೋಗಾಲಯದಲ್ಲಿದೆ. ಮರ್ಸ್ ಕೊರೊನಾ ವೈರಸ್ ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಪೈಕಿಗೆ ಅಂಟಿದ ಪ್ರತಿಕಾಯದ ಬಾಲವನ್ನು ಕೆಲವು ಜೀವಕೋಶಗಳ ‘ಎಫ್‌ಸಿ’ ಗ್ರಾಹಕ ಹಿಡಿದು, ವೈರಸ್ ಒಳಹೋಗಲು ದಾರಿಯಾಯಿತು. ಪ್ರತಿಕಾಯದ ಪ್ರಮಾಣ ಬದಲಾದಂತೆ ಫಲವೂ ಬದಲಾಯಿತು. ಬೆಕ್ಕುಗಳ ಕೊರೊನಾ ರೋಗವಾದ ಎಫ್‌ಐಪಿಯಲ್ಲೂ ಇಂಥದ್ದು ಕಂಡಿದೆ. ಆದರೆ ಕೋವಿಡ್ ಲಸಿಕೆ ಪಡೆದವರಲ್ಲಿ ರೋಗ ಉಲ್ಬಣಿಸುವುದರ ಬದಲು ಸಾವು, ಆಸ್ಪತ್ರೆ ವಾಸ ತಗ್ಗಿದವು. ಲಸಿಕೆ ಬಿಡಲು ಇದು ಕಾರಣವೇ ಅಲ್ಲ.

ಈಗಲೇ ಜ್ವರವಿದ್ದರೆ ಆ್ಯಂಟಿಬಾಡಿ ಪರೀಕ್ಷೆ ಬೇಡ, ಆರ್‌ಟಿಪಿಸಿಆರ್ ಮಾಡಿಸಿ. ಮಳೆಗಾಲವಾದರೆ ಡೆಂಗಿಯನ್ನೂ ನೋಡಿಸಿ. ಹಳೆಯ ಸೋಂಕಿನ ಪ್ರತಿಕಾಯ ರೋಗವನ್ನು ತೀವ್ರಗೊಳಿಸಬಲ್ಲದು ಎಂಬುದು ಡೆಂಗಿಯಲ್ಲಿ ನಿಜ. ಹಿಂದೆ ಡೆಂಗಿ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಐಬುಪ್ರೊಫೆನ್, ಆಸ್ಪಿರಿನ್ ನೀವಾಗಿ ನುಂಗಬೇಡಿ.